ಬಾಯಿ ಬಿಡದ ಮರಿಯೋಟ

ಗೇವಿನ್‌ನನ್ನು ಮಣ್ಣು ಮಾಡಿದ ಮೂರನೆಯ ದಿನ ಅವನ ಹೆಂಡತಿ ಎಬಟ್ ಒಂದು ಕಬ್ಬಿಣದ ಹಂಚು, ಅರ್ಧ ಸುಟ್ಟ ಕಂಬಳಿ, ಎರಡು ಕೋಳಿ ಇಷ್ಟನ್ನು ಹಿಡಿದುಕೊಂಡು ಮರಿಯೋಟಳ ಮನೆಗೆ ಬಂದಳು. ಕರೆದವಳು ಮರಿಯೋಟಳೇ. ಚರ್ಚಿನ ಅಂಗಳದಲ್ಲಿ, ಗುಂಡಿಯ ಮಣ್ಣು ಇನ್ನೂ ಹಸಿಯಿರುವಾಗಲೇ, "ಚಳಿಗಾಲ ಕಳೆಯೋ ತನಕ ನಮ್ಮನೇಲಿರು" ಎಂದು ಎಲ್ಲರೆದುರು ಅವಳ ಕೈ ಹಿಡಿದು ಹೇಳಿದ್ದಳು. ಊರವರು ಮೆಚ್ಚಿಕೊಂಡರು. ಮನೆಯವರಿಗೆ ಮಾತ್ರ ಮೊದಲೇ ತಿಳಿಸಿರಲಿಲ್ಲ.

ಮನೆಯೆಂದರೆ ಒಂದೇ ಕೋಣೆ. ಒಂದು ತುದಿಯಲ್ಲಿ ಹಸು, ನಡುವೆ ಒಲೆ, ಇನ್ನೊಂದು ತುದಿಯಲ್ಲಿ ಹುಲ್ಲಿನ ಹಾಸಿಗೆಗಳು. ಅಲ್ಲಿ ಆಗಲೇ ನಾಲ್ವರಿದ್ದರು: ಗಂಡ ಸತ್ತು ಹತ್ತು ವರ್ಷವಾದ ಮರಿಯೋಟ, ಅವಳ ಮಗ ಡ್ಯಾಂಡ್, ಬಸುರಿ ಸೊಸೆ ಥಾಮಸಿನ್, ಮತ್ತು ಮರಿಯೋಟಳ ಮಾವ, ಎರಡೂ ಕಣ್ಣು ಹೋದ ನಿಕೊಲ್.

ಥಾಮಸಿನ್ ಗಡಿಯ ಗುಡ್ಡದಾಚೆಯವಳು, ಇಂಗ್ಲಿಷರ ಹುಡುಗಿ. ಎರಡು ವರ್ಷದ ಹಿಂದೆ ಕದನವಿರಾಮದ ದಿನ ನಡೆದ ಕುರಿಸಂತೆಯಲ್ಲಿ ಡ್ಯಾಂಡ್ ಅವಳನ್ನು ನೋಡಿದ್ದ. ಆಚೆಯ ಹೆಣ್ಣನ್ನು ಅಪ್ಪಣೆಯಿಲ್ಲದೆ ತಂದುಕೊಳ್ಳುವುದು ಗಡಿಯ ಕಾಯಿದೆಗೆ ವಿರುದ್ಧ. ಆದರೂ ತಂದ. ಊರವರು ಕಂಡೂ ಕಾಣದಂತೆ ಇದ್ದರು. ಗಡಿಯ ಈಚೆಯ ಟಿವಿಯಟ್ ಕಣಿವೆಯಲ್ಲಿ ಆಚೆಯ ರಕ್ತವಿಲ್ಲದ ಮನೆ ಯಾವುದಿತ್ತು?

ಎಬಟ್ ಬಂದ ದಿನದಿಂದಲೇ ಊಟದ ಹೊತ್ತಿಗೆ ಕಿರಿಕಿರಿ ಶುರುವಾಯಿತು. ಮರಿಯೋಟ ಬಾರ್ಲಿ ಸಾರಿನ ಗಟ್ಟಿಯನ್ನೆಲ್ಲ ಸೌಟಿನಲ್ಲಿ ಬಳಿದು ಎಬಟ್‌ಳ ಬಟ್ಟಲಿಗೆ ಹಾಕುತ್ತಿದ್ದಳು. ಮಜ್ಜೆಯಿದ್ದ ಮೂಳೆಯೂ ಅವಳಿಗೇ ಹೋಗುತ್ತಿತ್ತು. ಉಳಿದವರಿಗೆ ತಿಳಿನೀರು ಮತ್ತು ಕೋಸಿನ ಎಲೆ.

"ಅತ್ತೆ, ಹಿಟ್ಟಿನ ಪೆಟ್ಟಿಗೆಗೆ ಕೈ ಹಾಕಿ ನೋಡಿದ್ದೀರಾ?" ಎಂದಳು ಥಾಮಸಿನ್. "ಹೀಗೇ ಆದ್ರೆ ಕ್ರಿಸ್‌ಮಸ್ ಆದ ಮೇಲೆ ಪೆಟ್ಟಿಗೆನೇ ಬೇಯಿಸ್ಕೊಂಡು ತಿನ್ಬೇಕು."

"ಗಂಡ ಸತ್ತೋಳು. ಅವಳ ಬಾಯಿಗೆ ಹೋಗೋ ತುತ್ತು ಲೆಕ್ಕ ಹಾಕ್ತೀಯಾ?"

"ನಾನು ಹಾಕಬೇಡಿ ಅಂದ್ನಾ? ಸಮ ಹಾಕಿ ಅಂದೆ."

ಡ್ಯಾಂಡ್ ಬಟ್ಟಲಿನಿಂದ ತಲೆಯೆತ್ತದೆ, "ಅವ್ವ, ಇವಳೂ ಒಬ್ಬಳೇ ಉಣ್ತಿಲ್ಲ. ನಾಲ್ಕು ತಿಂಗಳಾಯ್ತು" ಎಂದ.

ಎಬಟ್ ತನ್ನ ಮೂಳೆಯನ್ನು ತೆಗೆದು ಥಾಮಸಿನ್‌ಳ ಬಟ್ಟಲಿಗೆ ಹಾಕಿದಳು. "ತಗೋ. ನಂಗೆ ಇಳೀತಾನೂ ಇಲ್ಲ." ಮರಿಯೋಟ ಆ ಮೂಳೆಯನ್ನು ಎತ್ತಿ ಮತ್ತೆ ಎಬಟ್‌ಳ ಬಟ್ಟಲಿಗೇ ಹಾಕಿದಳು. ಎಲ್ಲರೂ ಅವಳ ಮುಖ ನೋಡಿದರು. ಕುರುಡ ನಿಕೊಲ್ ಮಾತ್ರ, "ಆ ಮೂಳೆ ಹಿಂಗೆ ಊರು ಸುತ್ತೋ ಬದ್ಲು ಈ ಕಡೆ ಬರಲಿ, ನಾನು ಬೇಡ ಅನ್ನಲ್ಲ" ಎಂದ.

ಮರಿಯೋಟ ಯಾಕೆ ಹಾಗೆ ಮಾಡುತ್ತಿದ್ದಳೆಂದು ಅವಳೊಬ್ಬಳಿಗೇ ಗೊತ್ತಿತ್ತು.

ಗೇವಿನ್ ಸತ್ತ ದಿನ ಸಂತ ಮಾರ್ಟಿನ್ನನ ಹಬ್ಬಕ್ಕೆ, ನವೆಂಬರಿನಲ್ಲಿ ಉಪ್ಪು ಹಚ್ಚಿಡಲು ದನ ಕಡಿಯುವ ಆ ಹಬ್ಬಕ್ಕೆ, ಒಂದು ವಾರವಿತ್ತು. ಬೆಳಗ್ಗೆ ಗುಡ್ಡದ ಮೇಲೆ ಎಚ್ಚರಿಕೆಯ ಬೆಂಕಿ ಕಂಡಿತು. ದನ ಹೊಡೆದುಕೊಂಡು ಹೋಗುವ ಇಂಗ್ಲಿಷ್ ಸವಾರರು ಕಣಿವೆಗೆ ಇಳಿಯುತ್ತಿದ್ದರು. ಊರಿನ ಹತ್ತೂ ಮನೆಯವರು ಕೆಳಗಿನ ಕಾಡಿಗೆ ಓಡಿದರು. ದನಗಳನ್ನು ಮಾತ್ರ ಕರಿಕೊಳ್ಳಕ್ಕೆ ಅಟ್ಟುವುದು ವಾಡಿಕೆ. ಬಾಯಿ ಕಿರಿದಾದ, ಒಳಗೆ ಹುಲ್ಲಿರುವ ಕೊರಕಲು ಅದು. ಹೊರಗಿನವರ ಕಣ್ಣಿಗೆ ಬೀಳುವಂಥದಲ್ಲ. ಅವತ್ತು ದನ ಅಟ್ಟುವ ಪಾಳಿ ಡ್ಯಾಂಡ್‌ನದು. ಥಾಮಸಿನ್ ಹಿಂದಿನ ಸಂಜೆಯಿಂದ ವಾಂತಿ ಮಾಡಿಕೊಂಡು ಬಿದ್ದಿದ್ದಳು. ಪಕ್ಕದ ಮನೆಯ ಗೇವಿನ್ ಬಂದು, "ನೀನು ಹೆಂಡ್ತೀನ ಕರ್ಕೊಂಡು ಕಾಡಿಗೆ ನಡಿ. ದನ ನಾನು ನೋಡ್ಕೋತೀನಿ" ಎಂದಿದ್ದ.

ಮರಿಯೋಟ ಊರಲ್ಲೇ ಉಳಿದಳು. ಮಾವನನ್ನು ಹೊತ್ತು ಓಡುವುದು ಅವಳಿಂದ ಆಗುತ್ತಿರಲಿಲ್ಲ.

ಸವಾರರ ಮುಂದಾಳು ನರೆತ ಗಡ್ಡದವನು, ದಣಿದವನು. ಅವಳನ್ನು ಹೊಡೆಯಲಿಲ್ಲ, ಬೈಯಲಿಲ್ಲ. ಕುದುರೆಯ ಮೇಲಿಂದಲೇ, "ದನ ಎಲ್ಲಮ್ಮ?" ಎಂದು ಕೇಳಿದ. ಅವಳು ಸುಮ್ಮನಿದ್ದಳು. "ಹೇಳಿದ್ರೆ ನಿನ್ನ ಮನೆ ಮುಟ್ಟಲ್ಲ." ಸುಮ್ಮನಿದ್ದಳು. ಅವನು ತನ್ನವರ ಕಡೆ ತಿರುಗಿ, "ಸರಿ, ಕೆಳಗಿನ ಕಾಡು ಜಾಲಾಡೋಣ" ಎಂದು ಲಗಾಮು ಎಳೆದ. ಕಾಡಿನಲ್ಲಿ ಡ್ಯಾಂಡ್ ಇದ್ದ. ಆಗ ಮರಿಯೋಟಳ ಕೈ ಮೇಲೆದ್ದಿತು. ಕೈ ಎತ್ತಿ ಕರಿಕೊಳ್ಳದ ದಾರಿ ತೋರಿಸಿದಳು.

ಗೇವಿನ್ ಬರಿಗೈಯಲ್ಲಿ ಓಡಿಬಿಡಬಹುದಿತ್ತು. ಓಡಲಿಲ್ಲ. ಭಲ್ಲೆ ಹಿಡಿದು ಕೊರಕಲಿನ ಬಾಯಿಗೆ ನಿಂತನಂತೆ. ಹದಿನೇಳು ದನ ಹೋದವು. ಹಿಂದಿರುಗುವಾಗ ಸವಾರರು ಮರಿಯೋಟಳ ಸಾಲಿನ ಉಳಿದ ನಾಲ್ಕೂ ಮನೆ ಸುಟ್ಟರು. ಮುಂದಾಳು ಮಾತಿಗೆ ತಪ್ಪಲಿಲ್ಲ. ಮರಿಯೋಟಳ ಮನೆಯ ಹುಲ್ಲುಮಾಡು ಒಂದು ಎಸಳೂ ಕರಕಾಗದೆ ಉಳಿಯಿತು. ಮನೆಯೊಳಗೆ ಕಟ್ಟಿದ್ದ ಹಸುವನ್ನೂ ಅವರು ಬಿಟ್ಟುಹೋದರು.

ಬಾಗಿಲ ಪಕ್ಕ ಕುಳಿತಿದ್ದ ನಿಕೊಲ್‌ಗೆ ಕೇಳಿಸಿದ್ದು ಪ್ರಶ್ನೆಗಳು ಮಾತ್ರ. ಉತ್ತರ ಕೇಳಿಸಲಿಲ್ಲ. ಆಮೇಲೆ ಕುದುರೆಗಳು ಹೊರಟುಹೋದ ಸದ್ದು. ಹೀಗಾಗಿ ಮನೆಗೆ ಬಂದವರಿಗೆಲ್ಲ ಅವನು ಹೇಳುತ್ತಿದ್ದ: "ಮೂರು ಸಲ ಕೇಳಿದ್ರು. ನನ್ನ ಸೊಸೆ ತುಟಿ ಪಿಟಕ್ ಅನ್ನಲಿಲ್ಲ. ಗಂಡಸ್ರಾಗಿದ್ರೆ ಬೊಗಳಿಬಿಡೋರು." ಕೇಳಿದವರು ತಲೆದೂಗುತ್ತಿದ್ದರು. ಮರಿಯೋಟ ಆಗ ಹಸುವಿನ ಕಡೆ ಎದ್ದುಹೋಗುತ್ತಿದ್ದಳು.

ಎಬಟ್ ಸುಮ್ಮನೆ ಕೂರುವ ಹೆಂಗಸಲ್ಲ. ಉರುವಲಿಗೆಂದು ಜವುಗಿನಿಂದ ಕೊಯ್ದು ಒಣಗಿಸಿದ ಮಣ್ಣಿನ ಹೆಂಟೆಗಳನ್ನು ಒಲೆಗೆ ಹೊತ್ತು ತರುತ್ತಿದ್ದಳು, ಉಣ್ಣೆ ಬಾಚುತ್ತಿದ್ದಳು, ತನ್ನ ಹಂಚಿನ ಮೇಲೆ ಓಟ್ಸ್ ರೊಟ್ಟಿ ಸುಡುತ್ತಿದ್ದಳು. ಮೊದಲ ಒಂದು ತಿಂಗಳು ಅವಳೂ ಥಾಮಸಿನ್ನೂ ಹೊಂದಿಕೊಂಡರು. ಥಾಮಸಿನ್‌ಗೆ ರೊಟ್ಟಿ ತೆಳುವಾಗಿ ತಟ್ಟಲು ಬರುತ್ತಿರಲಿಲ್ಲ. "ಇದೇನು ರೊಟ್ಟಿನಾ, ಕುದುರೆ ಗೊರಸಾ?" ಎಂದು ಎಬಟ್ ಕೇಳುವಳು. "ನಮ್ಮ ಕಡೆ ಹಲ್ಲಿರೋರಿಗೆ ಮಾಡೋದು ಹಿಂಗೇನೇ" ಎಂದು ಥಾಮಸಿನ್ ಅನ್ನುವಳು. ಗಂಡ ಸತ್ತ ಮೇಲೆ ಎಬಟ್ ಮೊದಲ ಸಲ ನಕ್ಕದ್ದು ಆ ಮಾತಿಗೇ.

ಕ್ರಿಸ್‌ಮಸ್‌ಗೆ ಹತ್ತು ದಿನವಿರುವಾಗ ಎಬಟ್ ಗಿರಣಿಗೆ ಹೋದಳು. ಮಧ್ಯಾಹ್ನ ಹಿಟ್ಟಿನ ಚೀಲ ಹೊತ್ತು ಬಂದವಳು ಥಾಮಸಿನ್ ಕೊಟ್ಟ ಅಂಬಲಿಯ ಬಟ್ಟಲನ್ನು ಮುಟ್ಟಲಿಲ್ಲ.

"ತಣ್ಣಗಾಗುತ್ತೆ" ಎಂದಳು ಥಾಮಸಿನ್.

"ಆಗ್ಲಿ."

"ಯಾಕೆ, ಮೈ ಸರಿಯಿಲ್ವಾ?"

ಎಬಟ್ ಚೀಲ ಇಳಿಸಿ ಸೊಂಟದ ಮೇಲೆ ಕೈಯಿಟ್ಟಳು. "ಗಿರಣಿ ಜಾನೆಟ್ ಒಂದು ಮಾತು ಕೇಳಿದ್ಲು. ನಿನ್ನೇ ಕೇಳ್ತೀನಿ. ಈ ಸಾಲಿನ ನಾಲ್ಕು ಮನೆ ಸುಟ್ಟೋರು ನಡುವಿನ ಈ ಒಂದು ಮನೆ ಯಾಕೆ ಬಿಟ್ರು?"

"ನಂಗೇನು ಗೊತ್ತು? ನಾನು ಕಾಡಲ್ಲಿದ್ದೆ."

"ನಿನಗೆ ಮೂರು ಜನ ಅಣ್ಣಂದಿರು. ಮೂರೂ ಜನ ಕುದುರೆ ಏರೋರು. ಹೌದೋ ಅಲ್ವೋ?"

"ಗಡೀಲಿ ಕುದುರೆ ಏರದ ಗಂಡಸು ಯಾರವ್ನೆ? ನಿನ್ನ ಗೇವಿನ್ ಏರಿರಲಿಲ್ವಾ? ಹೋದ ವರ್ಷ ನಮ್ಮ ಚಿಕ್ಕಪ್ಪನ ಕುರಿ ಹೊಡ್ಕೊಂಡು ಬಂದಿರಲಿಲ್ವಾ? ಆ ಕುರಿ ಸಾರು ಈ ಮನೇಲಿ ನಾನೇ ಮಾಡಿದ್ದೆ, ನೀನೂ ಉಂಡಿದ್ದೆ."

"ಕರಿಕೊಳ್ಳ ಹೊರಗಿನೋರಿಗೆ ಗೊತ್ತಿಲ್ಲ ಥಾಮಸಿನ್. ನಮ್ಮಪ್ಪನ ಕಾಲದಿಂದ ಒಬ್ಬನೂ ಕಂಡಿಲ್ಲ. ನೀನು ಬಂದು ಎರಡು ವರ್ಷಕ್ಕೆ ಕಂಡರು."

ಮರಿಯೋಟ ಹಸುವಿನ ಹತ್ತಿರ ಕುಕ್ಕರಗಾಲಲ್ಲಿ ಕುಳಿತು ಹಾಲು ಕರೆಯುತ್ತಿದ್ದಳು. ಕೈ ನಿಂತಿತು. ಈಗ ಹೇಳಬೇಕು ಅನ್ನಿಸಿತು. ಹಸು ಕಾಲು ಝಾಡಿಸಿತು, ಕೈ ಮತ್ತೆ ಕರೆಯತೊಡಗಿತು.

"ಅತ್ತೆ, ಕೇಳಿಸ್ತಾ ಇವಳ ಮಾತು?" ಎಂದಳು ಥಾಮಸಿನ್.

"ಸಂಕಟಕ್ಕೆ ಅಂದಿರ್ತಾಳೆ, ಬಿಡು" ಎಂದಳು ಮರಿಯೋಟ.

ಆವತ್ತಿನಿಂದ ಒಂದೇ ಒಲೆಯ ಮೇಲೆ ಎರಡು ಅಡಿಗೆ ಆಗತೊಡಗಿತು. ಎಬಟ್ ತನ್ನ ಹಂಚು, ತನ್ನ ಪಾಲಿನ ಹಿಟ್ಟು ಬೇರೆ ಇಟ್ಟುಕೊಂಡಳು. ಬಾವಿಯ ಹತ್ತಿರ ಹೆಂಗಸರು ಥಾಮಸಿನ್ ಬಂದಾಗ ಬಿಂದಿಗೆ ಎತ್ತಿಕೊಂಡು ಹೊರಡುತ್ತಿದ್ದರು. ಒಂದು ದಿನ ಅವಳ ಬೆನ್ನಿಗೆ ಯಾರೋ ಸಗಣಿ ಎಸೆದರು. ಅವಳು ಬಂದು ಮೇಲಂಗಿ ತೊಳೆದು ಒಲೆಯ ಪಕ್ಕ ಹರವಿದಳು.

ಊರಿನ ಮಾತು ಹೊರಗಿದ್ದಷ್ಟು ದಿನ ಡ್ಯಾಂಡ್ ಗುದ್ದಾಡಿಕೊಂಡು ಬರುತ್ತಿದ್ದ. ಆಮೇಲೆ ಅದು ಅವನೊಳಗೂ ಇಳಿಯಿತು. ಒಂದು ಬೆಳಗ್ಗೆ ಅಂಬಲಿ ಕುಡಿಯುತ್ತ, ಹೆಂಡತಿಯ ಮುಖ ನೋಡದೆ, "ನಿಮ್ಮಮ್ಮನಿಗೆ ಹೇಳಿ ಕಳಿಸುವಾಗ ಯಾವಾಗಾದ್ರೂ... ಮಾತಿಗೆ ಮಾತು ಬಂದು... ಕರಿಕೊಳ್ಳ ಅಂತ ಬಾಯಿಗೆ ಬಂದಿತ್ತಾ?" ಎಂದ.

ಥಾಮಸಿನ್ ಬಟ್ಟಲು ಕೆಳಗಿಟ್ಟಳು. "ನೀನೂನಾ?"

"ಕೇಳಿದೆ ಅಷ್ಟೇ."

"ಕೇಳಿದ್ಯಲ್ಲ, ಅಷ್ಟೇ ಸಾಕು."

ಮೂಲೆಯಿಂದ ನಿಕೊಲ್, "ಲೋ ಡ್ಯಾಂಡ್, ನಿಮ್ಮವ್ವನ ನೋಡಿ ಕಲ್ತ್ಕೋ. ಮೂರು ಸಲ ಕೇಳಿದ್ರೂ..." ಎಂದು ಶುರು ಮಾಡಿದ.

"ಸಾಕು ಮಾಡಿ ಮಾವ" ಎಂದಳು ಮರಿಯೋಟ. ಅವಳ ದನಿ ಎಷ್ಟು ಗಡುಸಾಗಿತ್ತೆಂದರೆ ಮುದುಕ ಬಾಯಿ ಮುಚ್ಚಿಕೊಂಡ.

ಕ್ರಿಸ್‌ಮಸ್‌ನ ಹಿಂದಿನ ದಿನ ಪಾದ್ರಿ ಬಂದ. ಪಾಪ ಒಪ್ಪಿಕೊಳ್ಳಲು ಸಾಲಾಗಿ ನಿಂತವರಲ್ಲಿ ಮರಿಯೋಟಳೂ ಇದ್ದಳು. ಹೇಳಿಬಿಡುವುದೆಂದು ದಾರಿಯುದ್ದಕ್ಕೂ ಗಟ್ಟಿ ಮಾಡಿಕೊಂಡು ಬಂದಿದ್ದಳು. ಅವಳ ಹಿಂದೆಯೇ ಎಬಟ್ ನಿಂತಿದ್ದಳು, ಅವಳ ಉಸಿರು ಕುತ್ತಿಗೆಗೆ ತಾಗುತ್ತಿತ್ತು. ಮೊಣಕಾಲೂರಿದಾಗ ಬಾಯಿಗೆ ಬಂದದ್ದು, "ಉಪವಾಸದ ಶುಕ್ರವಾರ ಮಾಂಸದ ಸಾರು ನೆಕ್ಕಿದೆ ಸ್ವಾಮಿ" ಎಂಬ ಮಾತು. ಪಾದ್ರಿ ಮೂರು ಪ್ರಾರ್ಥನೆ ಹೇಳಿಕೊಳ್ಳೆಂದು ವಿಧಿಸಿದ. ಅವಳು ಮೂವತ್ತು ಹೇಳಿಕೊಂಡಳು. ಮಾರನೆಯ ದಿನ ಹಬ್ಬದ ಮಾಂಸ ಒಂದು ಚೂರೂ ತಿನ್ನಲಿಲ್ಲ. ಗಂಡನನ್ನು ಕಳೆದುಕೊಂಡ ತನ್ನೆದುರು ಉಣ್ಣಲಾರದೆ ಹಾಗೆ ಮಾಡಿದಳೆಂದು ತಿಳಿದು ಎಬಟ್ ಅವಳ ಕೈ ಹಿಡಿದು ಅತ್ತಳು. "ಮರಿಯಕ್ಕ, ಹೆತ್ತವಳೂ ನನ್ನ ಹಿಂಗೆ ನೋಡ್ಕೊಂಡಿರಲಿಲ್ಲ" ಎಂದಳು. ಮರಿಯೋಟ ಕೈ ಬಿಡಿಸಿಕೊಂಡು ಪಾತ್ರೆ ತಿಕ್ಕಲು ಹೋದಳು.

ಜನವರಿ ನಡುವಿಗೆ ಊರ ಹಿರಿಯ ಆಡಮ್ ಮನೆ ಬಾಗಿಲಿಗೆ ಬಂದ. ಒಳಗೆ ಬಾ ಎಂದರೂ ಬರಲಿಲ್ಲ.

"ನೋಡು ಡ್ಯಾಂಡ್, ಗಡಿ ಕಾಯಿದೆ ನೋಡ್ಕೊಳ್ಳೋ ಗಡಿನಾಯಕನ ಕಡೆಯೋರು ಮುಂದಿನ ತಿಂಗಳು ಮೇಣದಬತ್ತಿ ಹಬ್ಬಕ್ಕೆ ಬರ್ತಾರೆ. ನಿನ್ನ ಹೆಂಡ್ತಿ ವಿಷಯ ಅವರ ಕಿವಿಗೆ ಬಿದ್ದಿದೆ. ಅಪ್ಪಣೆಯಿಲ್ಲದ ಮದ್ವೆ ಒಂದು, ಈ ಸಂಗತಿ ಇನ್ನೊಂದು. ಮೊದಲಾಗಿದ್ರೆ ನಾವು ಹತ್ತೂ ಮನೆಯೋರು ಸೇರಿ ಅವಳು ನಮ್ಮೋಳು ಅಂತಿದ್ವಿ. ಈಗ ಅನ್ನೋಕೆ ಯಾರಿಗೂ ಬಾಯಿಲ್ಲ."

"ಕರ್ಕೊಂಡು ಹೋಗಿ ಏನ್ ಮಾಡ್ತಾರೆ?"

"ನಂಗೊತ್ತಿಲ್ಲಪ್ಪ. ಒಳ್ಳೇದಂತೂ ಮಾಡಲ್ಲ."

ಮಾರನೆಯ ಬೆಳಗ್ಗೆ ಥಾಮಸಿನ್ ಎರಡು ರೊಟ್ಟಿ, ಒಂದು ಚೂರು ಗಿಣ್ಣು ಬಟ್ಟೆಯಲ್ಲಿ ಕಟ್ಟಿಕೊಂಡಳು. ಡ್ಯಾಂಡ್ ಹೆಂಟೆ ತರಲು ಹೋಗಿದ್ದ. ಎಬಟ್ ಒಲೆಯ ಮುಂದೆ ಕುಳಿತು ರೊಟ್ಟಿ ಸುಡುತ್ತ, ಕಂಡೂ ಕಾಣದಂತಿದ್ದಳು. ಥಾಮಸಿನ್ ಬಂದು ಅತ್ತೆಯ ಮುಂದೆ ನಿಂತಳು.

"ಅತ್ತೆ, ನಾನು ಹೊರಟೆ. ಅವರಾಗಿ ಬಂದು ಎಳ್ಕೊಂಡು ಹೋಗೋದ್ಕಿಂತ ಇದು ವಾಸಿ."

"ಈ ಹಿಮದಲ್ಲಾ? ಗುಡ್ಡ ಹತ್ತಿ?"

"ಹತ್ತಿ ಬಂದಿದ್ನಲ್ಲ, ಹತ್ತಿ ಹೋಗ್ತೀನಿ. ಒಂದು ಮಾತು ಹೇಳಿ. ಆವತ್ತು ಊರಲ್ಲಿ ಕಣ್ಣಿದ್ದೋರು ನೀವೊಬ್ರೇ. ಅವರನ್ನ ಎದುರಿಗೇ ನೋಡಿದ್ರಿ. ಅವರಲ್ಲಿ ನಮ್ಮ ಅಣ್ಣಂದಿರು ಇದ್ರಾ? ನೀವು ಸಂತೇಲಿ ನೋಡಿದ್ದೀರಿ, ಕೆಂಚುಗೂದಲು. ಇರ್ಲಿಲ್ಲ ಅಂತ ಒಂದು ಮಾತು ಇವಳ ಮುಂದೆ ಹೇಳಿ. ಹೋಗ್ಬಿಡ್ತೀನಿ."

ಸವಾರರಲ್ಲಿ ಕೆಂಚುಗೂದಲಿನವನು ಒಬ್ಬನೂ ಇರಲಿಲ್ಲ. ಮರಿಯೋಟಳಿಗೆ ಪ್ರತಿಯೊಂದು ಮುಖವೂ ನೆನಪಿತ್ತು. ಆದರೆ ಹಾಗೆಂದರೆ ಮುಂದಿನ ಪ್ರಶ್ನೆ ಏಳುತ್ತದೆ. ಹಾಗಾದರೆ ದಾರಿ ಯಾರು ತೋರಿದರು?

"ಎಲ್ರೂ ಶಿರಸ್ತ್ರಾಣ ಹಾಕಿದ್ರು" ಎಂದಳು. "ಸರಿಯಾಗಿ ಕಾಣ್ಲಿಲ್ಲ."

ಥಾಮಸಿನ್ ಬಗ್ಗಿ ನಿಕೊಲ್‌ನ ಮಂಡಿ ಮುಟ್ಟಿ, "ಬರ್ತೀನಿ ತಾತ" ಎಂದಳು. ಕಂಬಳಿ ತಲೆಗೆ ಹೊದ್ದು ಹೊರಟುಹೋದಳು. ಬಾಗಿಲು ತೆರೆದಾಗ ಹಿಮದ ಬೆಳಕು ಒಲೆಯವರೆಗೂ ಬಂತು.

ಮರಿಯೋಟ ಪೊರಕೆ ತೆಗೆದುಕೊಂಡು ನೆಲ ಗುಡಿಸಿದಳು. ಗುಡಿಸಿದ್ದನ್ನೇ ಮತ್ತೆ ಗುಡಿಸಿದಳು. ಅಷ್ಟರಲ್ಲಿ ಡ್ಯಾಂಡ್ ಹೆಂಟೆಯ ಬುಟ್ಟಿಯೊಂದಿಗೆ ಬಂದ. "ಇವಳೆಲ್ಲಿ?" ಎಂದ.

"ಅವಳ ಜನದ ಹತ್ರ ಹೋದ್ಲು" ಎಂದಳು ಎಬಟ್. "ಗೇವಿನ್‌ನ ತಿಂದೋರ ಹತ್ರ."

ಡ್ಯಾಂಡ್ ಬುಟ್ಟಿ ಇಳಿಸಿದ. ಹಿಂದೆ ಓಡಲಿಲ್ಲ. ಒಲೆಯ ಮುಂದೆ ಕುಳಿತು ಕೈ ಕಾಸಿಕೊಳ್ಳತೊಡಗಿದ. ಮಗ ಓಡದೆ ಕುಳಿತದ್ದನ್ನು ನೋಡಿ ಮರಿಯೋಟ ಪೊರಕೆ ಕೆಳಗೆ ಹಾಕಿದಳು.

"ತೋರಿಸಿದ್ದು ನಾನು" ಎಂದಳು.

ಇಬ್ಬರೂ ತಿರುಗಿ ನೋಡಿದರು.

"ಕರಿಕೊಳ್ಳ ತೋರಿಸಿದ್ದು ನಾನು. ಅವರು ಕಾಡಿನ ಕಡೆ ಹೊರಟಿದ್ರು. ನೀನು ಕಾಡಲ್ಲಿದ್ದೆ. ಬಾಯಲ್ಲಿ ಹೇಳಲಿಲ್ಲ, ಕೈ ತೋರಿಸಿದೆ. ಅದ್ಕೇ ಮನೆ ಬಿಟ್ರು. ಕೆಂಚುಗೂದಲೋರು ಯಾರೂ ಇರಲಿಲ್ಲ. ಈಗ ಅವಳಿಗೆ ಹೇಳಿದ್ದೂ ಸುಳ್ಳು. ಓಡು ಡ್ಯಾಂಡ್. ಹಳ್ಳ ದಾಟಿರಲ್ಲ ಇನ್ನೂ."

ಡ್ಯಾಂಡ್ ಎದ್ದು ಓಡಿದ. ಬಾಗಿಲು ಹಾಕಲಿಲ್ಲ.

ಎಬಟ್‌ಳ ಹಂಚಿನ ಮೇಲೆ ರೊಟ್ಟಿ ಕರಕಾಗುತ್ತಿತ್ತು. ಅವಳು ಅದನ್ನು ಮಗುಚಲಿಲ್ಲ.

"ಕೊಳ್ಳದಲ್ಲಿ ನಮ್ಮನೆಯೋರು ಇದ್ದದ್ದು ನಿಂಗೆ ಗೊತ್ತಿತ್ತಾ?" ಎಂದಳು.

ಗೊತ್ತಿರಲಿಲ್ಲ, ದನ ಮಾತ್ರ ಅಂದ್ಕೊಂಡೆ, ಅನ್ನಬಹುದಿತ್ತು. ಎರಡು ತಿಂಗಳು ಮರಿಯೋಟ ತನಗೆ ತಾನೇ ಅದನ್ನೇ ಹೇಳಿಕೊಂಡಿದ್ದಳು.

"ಗೊತ್ತಿತ್ತು."

"ಡ್ಯಾಂಡ್ ಬದ್ಲು ಹೋದೋರು ಅವ್ರು."

"ಅದೂ ಗೊತ್ತಿತ್ತು."

ಎಬಟ್ ತನ್ನ ಹಂಚನ್ನು ಒಲೆಯಿಂದ ಇಳಿಸಿ, ಬಿಸಿಯಾಗಿದ್ದರೂ ಬಟ್ಟೆ ಸುತ್ತಿ ಕಂಕುಳಿಗೆ ಇಟ್ಟುಕೊಂಡಳು. ಕಂಬಳಿ ತೆಗೆದುಕೊಂಡಳು. ಅಡ್ಡೆಯ ಮೇಲಿದ್ದ ಕೋಳಿಗಳ ಕಾಲು ಹಿಡಿದಳು. ಬಾಗಿಲಲ್ಲಿ ನಿಂತು, "ನಿನ್ನ ಮಜ್ಜೆಮೂಳೆ ತಿಂದೆನಲ್ಲೇ" ಎಂದಳು. ಅಷ್ಟೇ. ಅರ್ಧ ಮಾಡು ಮಾತ್ರ ಉಳಿದಿದ್ದ ತನ್ನ ಸುಟ್ಟ ಮನೆಯ ಕಡೆ ಹಿಮದಲ್ಲಿ ಹೋದಳು.

ನಿಕೊಲ್ ಮೂಲೆಯಲ್ಲಿ ಎಲ್ಲವನ್ನೂ ಕೇಳಿಸಿಕೊಂಡಿದ್ದ. "ಊರಿಗೆಲ್ಲ ಹೇಳ್ಕೊಂಡು ಬಂದೆನಲ್ಲೇ ನಾನು" ಎಂದ. ಮಧ್ಯಾಹ್ನ ಅವಳು ಬಾಯಿಗಿಟ್ಟ ಚಮಚಕ್ಕೆ ಬಾಯಿ ತೆರೆಯಲಿಲ್ಲ.

ಡ್ಯಾಂಡ್ ಹೊತ್ತು ಇಳಿಯುವ ಮುಂಚೆ ಥಾಮಸಿನ್‌ಳನ್ನು ಕರೆತಂದ. ಅವಳ ಪಾದರಕ್ಷೆ ಹಿಮದಲ್ಲಿ ನೆಂದು ಹರಿದಿತ್ತು, ತುಟಿ ನೀಲಿಯಾಗಿತ್ತು. ಮರಿಯೋಟ ಅವಳ ಕಾಲು ತಿಕ್ಕಲು ಬಗ್ಗಿದಳು. ಥಾಮಸಿನ್ ಕಾಲು ಹಿಂದೆಳೆದುಕೊಳ್ಳಲಿಲ್ಲ. ಕಾಲು ಬೆಚ್ಚಗಾದ ಮೇಲೆ ಅಂದದ್ದು, "ಶಿರಸ್ತ್ರಾಣ ಅಂದ್ರಲ್ಲ ಅತ್ತೆ."

"ಅಂದೆ."

"ನನ್ನ ಹೊಟ್ಟೆ ನೋಡ್ಕೊಂಡೇ ಅಂದ್ರಿ."

ಮರಿಯೋಟ ಕಾಲು ತಿಕ್ಕುತ್ತಲೇ ಇದ್ದಳು.

ಆ ವಾರವೇ ಅವಳು ಆಡಮ್‌ನ ಮನೆಗೆ ಹೋಗಿ ಎಲ್ಲವನ್ನೂ ಹೇಳಿದಳು. ಹೊಡೆಯುತ್ತಾರೆ, ಊರಿನಿಂದ ಅಟ್ಟುತ್ತಾರೆ ಎಂದುಕೊಂಡಿದ್ದಳು. ಏನೂ ಆಗಲಿಲ್ಲ. ಆಡಮ್, "ನನ್ನ ಮಗನೂ ಕಾಡಲ್ಲೇ ಇದ್ದ" ಎಂದು ಹೇಳಿ ಗಡ್ಡ ಕೆರೆದುಕೊಂಡ. ಊರಿನ ಅರ್ಧ ಜನ ಆವತ್ತು ಬದುಕಿ ಉಳಿದದ್ದು ಅವಳ ಕೈಯಿಂದಲೇ. ಅದು ಅವರಿಗೆ ಗೊತ್ತಾಯಿತು, ಗೊತ್ತಾದದ್ದೇ ಅವರಿಗೆ ಕಷ್ಟವಾಯಿತು. ಬೈಯಲೂ ಆಗದೆ, ಹತ್ತಿರ ಸೇರಿಸಲೂ ಆಗದೆ, ಅವಳು ಬಂದಾಗ ದಾರಿ ಬಿಟ್ಟುಕೊಡತೊಡಗಿದರು. ಮೇಣದಬತ್ತಿ ಹಬ್ಬಕ್ಕೆ ಗಡಿನಾಯಕನ ಕಡೆಯವರು ಬಂದಾಗ ಹತ್ತೂ ಮನೆಯವರು ಥಾಮಸಿನ್ ನಮ್ಮವಳು ಎಂದರು. ಮೊದಲು ಎಂದವಳು ಗಿರಣಿಯ ಜಾನೆಟ್.

ಎಬಟ್‌ಳ ಮನೆಗೆ ಊರವರು ಮೂರು ದಿನದಲ್ಲಿ ಮಾಡು ಹಾಕಿಕೊಟ್ಟರು. ಮರಿಯೋಟಳೂ ಮಾಡಿಗೆ ಹೊದಿಸುವ ಹುಲ್ಲುಹೆಂಟೆ ಹೊತ್ತು ಹೋಗಿ ಅಂಗಳದಲ್ಲಿ ಇಟ್ಟು ಬಂದಳು. ಅವು ಇಟ್ಟಲ್ಲೇ ಕೊಳೆತವು. ಆದರೂ ಏಪ್ರಿಲ್‌ನಲ್ಲಿ ಥಾಮಸಿನ್‌ಗೆ ನೋವು ಬಂದಾಗ ಎಬಟ್ ಕರೆಯದೆಯೇ ಬಂದಳು. "ನಿನ್ನ ಮೇಲೆ ಸಲ್ಲದ ಮಾತಾಡಿದ್ದೀನಿ. ಅದ್ಕೆ ಬಂದೆ" ಎಂದು ಥಾಮಸಿನ್‌ಗೆ ಹೇಳಿದಳು. ಮರಿಯೋಟಳಿಗೆ ಹೇಳಿದ್ದು ಎರಡೇ ಮಾತು: "ಬಿಸಿನೀರು." ಮತ್ತೆ, ಮಗು ಹುಟ್ಟಿದ ಮೇಲೆ, "ಬಟ್ಟೆ."

ಹೆಣ್ಣುಮಗು. ಕೆಂಚುಗೂದಲು.

ಮಗುವಿಗೆ ಆರು ವಾರವಾದಾಗ ಗುಡ್ಡದಾಚೆ ಮತ್ತೆ ಸವಾರರು ಸೇರುತ್ತಿದ್ದಾರೆಂಬ ಸುದ್ದಿ ಬಂತು. ಗಂಡಸರು ಗಿರಣಿಯಲ್ಲಿ ಕೂತು ಮಾತಾಡಿಕೊಂಡರು. ಕರಿಕೊಳ್ಳ ಇನ್ನು ನಡೆಯುವುದಿಲ್ಲ, ಬೇರೆ ಜಾಗ ಬೇಕು. ಮಧ್ಯಾಹ್ನ ಡ್ಯಾಂಡ್ ಊಟಕ್ಕೆ ಬಂದ. ಮರಿಯೋಟ ಎಲ್ಲರಿಗೂ ಸಮನಾಗಿ ಬಡಿಸಿದಳು. ನಿಕೊಲ್ ಈಗ ಥಾಮಸಿನ್‌ಳ ಕೈಯಿಂದ ಉಣ್ಣುತ್ತಿದ್ದ.

"ಜಾಗ ಗೊತ್ತು ಮಾಡಿದ್ರಾ?" ಎಂದಳು ಮರಿಯೋಟ.

"ಹೂಂ."

"ಎಲ್ಲಿ? ಮಾವನ್ನ ಈ ಸಲ ಮುಂಚೇನೇ ಸಾಗಿಸಬೇಕು, ಗಾಡಿ ಹೋಗುತ್ತಾ ಅಲ್ಲಿಗೆ?"

ಡ್ಯಾಂಡ್ ರೊಟ್ಟಿ ಮುರಿದು ಸಾರಿಗೆ ಅದ್ದಿದ. ಅದನ್ನು ತಿಂದ. ಇನ್ನೊಂದು ತುಂಡು ಮುರಿದ.

ಥಾಮಸಿನ್ ಮುದುಕನ ಬಾಯಿ ಒರೆಸಿ ಬಟ್ಟಲು ಕೆಳಗಿಟ್ಟಳು. ತೊಡೆಯ ಮೇಲಿದ್ದ ಮಗುವನ್ನು ಎತ್ತಿ, "ಅತ್ತೆ, ಇವಳನ್ನ ಸ್ವಲ್ಪ ಹಿಡ್ಕೊಳ್ಳಿ" ಎಂದು ಮರಿಯೋಟಳ ಕೈಗೆ ಕೊಟ್ಟಳು. ಮೆಲ್ಲಗೆ, ಸಿಟ್ಟಿಲ್ಲದೆ, "ಜಾಗ ಎಲ್ಲಿ ಅಂತ ಮಾತ್ರ ಕೇಳ್ಬೇಡಿ" ಎಂದಳು.

"ಇಲ್ಲ" ಎಂದಳು ಮರಿಯೋಟ. "ಕೇಳಲ್ಲ."

ಮಗು ಅಳಲು ಶುರು ಮಾಡಿತು. ಅವಳು ಎದ್ದು, ಅದನ್ನು ಭುಜಕ್ಕೆ ಹಾಕಿಕೊಂಡು, ಅವರು ಮಾತಾಡಿಕೊಳ್ಳಲಿ ಎಂದು ಹೊರಗೆ ಹೋದಳು.